ಗ್ರಹಣದ ದಿನ ಹುಟ್ಟಿದ ಗೋಲ್‌ಕೀಪರ್

ವಯಸ್ಸಿನ ವಿಷಯದಲ್ಲಿ ನನ್ನ ಮುಂದೆ ಯಾರ ಆಟವೂ ನಡೆಯುವುದಿಲ್ಲ. ಅಂಕೋಲೆಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕಿಯಾಗಿ ಇಪ್ಪತ್ತೇಳು ವರ್ಷ ಸೀಟಿ ಊದಿದವಳು ನಾನು. ಹದಿನಾಲ್ಕರೊಳಗಿನವರ ಪಂದ್ಯಕ್ಕೆ ಮೀಸೆ ಬೋಳಿಸಿಕೊಂಡು ಬಂದವರನ್ನು ಕಂಡಿದ್ದೇನೆ. ತಮ್ಮನ ಹೆಸರಿನಲ್ಲಿ ಅಣ್ಣ ಓಡಿ ಕಪ್ ಎತ್ತಿದಾಗ, ಅದನ್ನು ವಾಪಸು ಕೊಡಿಸುವ ತನಕ ಮೈದಾನ ಬಿಟ್ಟು ಕದಲಿರಲಿಲ್ಲ. ಜಯಕ್ಕೋರು ಬಂದರೆಂದರೆ ಎದುರು ತಂಡದ ಮಾಸ್ತರರು ಇಬ್ಬರು ಹುಡುಗರನ್ನು ಮೆಲ್ಲಗೆ ಬಸ್ಸು ಹತ್ತಿಸಿಬಿಡುತ್ತಾರೆ ಎಂದು ತಾಲೂಕಿನಲ್ಲಿ ತಮಾಷೆ ಮಾಡುವುದುಂಟು. ಮಾಡಲಿ, ನನಗೆ ಅದರಲ್ಲಿ ಸಂತೋಷವೇ.

ಹಾಗಿರುವಾಗ ಹೋದ ನವೆಂಬರಿನಲ್ಲಿ ಮಡಗಾಂವಿನ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು ನನ್ನ ಶಿಷ್ಯೆ ಗಂಗೆಯ ಮಣಿಕಟ್ಟಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಈ ಹುಡುಗಿಯ ವಯಸ್ಸು ಕಾಗದಕ್ಕೆ ಹೊಂದುವುದಿಲ್ಲ ಎಂದು ಕೊಂಕಣಿಯಲ್ಲಿ ಹೇಳಿದರು. ನನಗೆ ಪಿತ್ತ ನೆತ್ತಿಗೇರಿತು. ನನ್ನ ಹುಡುಗಿಗೆ ವಯಸ್ಸು ಕದ್ದವಳು ಅನ್ನುವುದೇ? ಗಂಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನು ಬಾಗಿಲು ಹಾಕಿ, ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತೆ.

ಡಾಕ್ಟರು ನಕ್ಕರು. "ಹೆಚ್ಚು ಅನ್ನಲಿಲ್ಲ ಬಾಯೀ. ಕಡಿಮೆ ಅಂದೆ."

ಮೂಳೆಯ ತುದಿಯಲ್ಲಿ ಒಂದು ಗೆರೆ ತೋರಿಸಿದರು. ಅದು ಮೂಳೆ ಬೆಳೆಯುವ ಜಾಗವಂತೆ. ಹದಿನೆಂಟು ತುಂಬಿದ ಹುಡುಗಿಯಲ್ಲಿ ಅದು ಮುಚ್ಚಿ ಹೋಗಿರಬೇಕು. ಇವಳದ್ದು ತೆರೆದೇ ಇದೆ, ಅಲ್ಲೇ ಸ್ವಲ್ಪ ಊದಿಯೂ ಇದೆ. ಇವಳಿಗೆ ಹದಿನಾರು, ಹೆಚ್ಚೆಂದರೆ ಹದಿನಾರೂವರೆ. ಹಿರಿಯರ ತಂಡದವರ ಹೊಡೆತವನ್ನು ದಿನಾ ಈ ಕೈಯಲ್ಲಿ ತಡೆದರೆ ಮಣಿಕಟ್ಟು ಜನ್ಮಕ್ಕೆ ಸರಿಯಾಗಲಿಕ್ಕಿಲ್ಲ ಎಂದರು.

ನಾವು ಮಡಗಾಂವಿಗೆ ಬಂದದ್ದೇ ಆ ಹಿರಿಯರ ತಂಡಕ್ಕಾಗಿ. ಅಲ್ಲಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಮಹಿಳಾ ತಂಡಕ್ಕೆ ಗೋಲ್‌ಕೀಪರ್ ಬೇಕಾಗಿದ್ದಳು. ತಂಡದ ವ್ಯವಸ್ಥೆ ನೋಡಿಕೊಳ್ಳುವ ಮಂಗೇಶ ನಮ್ಮ ಹಬ್ಬುವಾಡದವನೇ, ನಮ್ಮ ಮನೆಯಿಂದ ನಾಲ್ಕು ಮನೆ ಆಚೆ. ಗಂಗೆಯನ್ನು ಎರಡು ದಿನ ಆಡಿಸಿ ನೋಡಿ ಅವನು ಮರುಳಾಗಿದ್ದ. ಮೂರು ವರ್ಷದ ಒಪ್ಪಂದ, ಊಟ, ವಸತಿ, ತಿಂಗಳಿಗೆ ಸಂಬಳ. ಡಿಸೆಂಬರಿನಿಂದಲೇ ಪಂದ್ಯ. ಕಾಲೇಜು ಬಿಡಬೇಕಾಗುತ್ತದೆ, ಆಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಬಹುದು. ಕಾಗದದ ಪ್ರಕಾರ ಸೆಪ್ಟೆಂಬರಿನಲ್ಲಿ ಗಂಗೆಗೆ ಹದಿನೆಂಟು ತುಂಬಿತ್ತು. ಉಳಿದದ್ದು ಈ ವೈದ್ಯಕೀಯ ತಪಾಸಣೆ ಮತ್ತು ಅವಳ ಸಹಿ.

ಡಾಕ್ಟರು ಹೇಳಿದ್ದನ್ನು ಕೇಳಿ ಮಂಗೇಶ ನನ್ನನ್ನು ಪಕ್ಕಕ್ಕೆ ಕರೆದ.

"ಜಯಕ್ಕಾ, ಹದಿನೈದು ವರ್ಷದಲ್ಲಿ ಮೂಳೆ ಕಾಗದಕ್ಕಿಂತ ಸಣ್ಣದಾಗಿದ್ದು ಇದೇ ಫಸ್ಟ್ ಟೈಮ್ ನೋಡೂದು. ಬಿಡು. ಕಾಗದ ಸರಕಾರದ್ದು, ನಾವು ಮಾಡಿದ್ದಲ್ಲ. ಸೈ ಹಾಕ್ಸು. ಮತ್ತೆ ಯಾರು ಕೇಳ್ತಾರೆ?"

"ಮನೇಲಿ ಒಂದು ಮಾತು ಕೇಳಿ ಹೇಳ್ತೆ" ಎಂದೆ. ಥಟ್ಟನೆ ಇಲ್ಲ ಎಂದು ಹೇಳಬೇಕಿತ್ತು, ನನ್ನ ಬಾಯಿಂದ ಬರಲಿಲ್ಲ. ಯಾಕೆಂದರೆ ನನಗೆ ಆಸೆ ಇತ್ತು. ಇಪ್ಪತ್ತೇಳು ವರ್ಷದಲ್ಲಿ ನಾನು ತಯಾರು ಮಾಡಿದ ಹುಡುಗಿಯರೆಲ್ಲ ಮದುವೆಯಾಗಿಯೋ ನರ್ಸಿಂಗ್ ಸೇರಿಯೋ ಮೈದಾನ ಬಿಟ್ಟರು. ಒಬ್ಬಳಾದರೂ ಟಿ.ವಿ.ಯಲ್ಲಿ ಆಡಬೇಕು, ಅದನ್ನು ನಾನು ನನ್ನ ಮನೆಯ ಹಾಲಿನಲ್ಲಿ ಕೂತು ನೋಡಬೇಕು ಎಂಬ ಆಸೆ. ಮಗಳನ್ನು ಕಳಿಸಲು ಹಿಂದೆಮುಂದೆ ನೋಡುತ್ತಿದ್ದ ಗಂಗೆಯ ಅಪ್ಪ-ಅವ್ವಿಯನ್ನು ಮೂರು ಸಲ ಅವರ ಊರು ಶೆಟಗೇರಿಗೆ ಹೋಗಿ ಒಪ್ಪಿಸಿದವಳೂ ನಾನೇ.

ಗಂಗೆ ನನ್ನ ಕಣ್ಣಿಗೆ ಬಿದ್ದದ್ದೂ ಶೆಟಗೇರಿಯಲ್ಲೇ. ಶಾಲೆ ಬಿಟ್ಟ ಮಕ್ಕಳ ಗಣತಿಗೆ ಹೋಗಿದ್ದೆ. ಒಂದು ಅಂಗಳದಲ್ಲಿ ಹುಲ್ಲಿನ ಕುತ್ರಿ, ಅಂದರೆ ಬಣವೆ, ಹಾಕುತ್ತಿದ್ದರು. ಕೆಳಗಿನಿಂದ ಮೂರು ಜನ ಹುಲ್ಲಿನ ಕಟ್ಟು ಎಸೆಯುತ್ತಿದ್ದರು, ಮೇಲೆ ಒಬ್ಬಳೇ ಪೋರಿ ನಿಂತು ಹಿಡಿಯುತ್ತಿದ್ದಳು. ಎಡಕ್ಕೆ ಬಂದದ್ದು, ಬಲಕ್ಕೆ ಬಂದದ್ದು, ತಲೆಯ ಮೇಲೆ ಹಾರಿದ್ದು, ಒಂದನ್ನೂ ಬಿಡಲಿಲ್ಲ. ಕಾಲ ಕೆಳಗೆ ಹುಲ್ಲು ಜಾರುತ್ತಿದ್ದರೂ ಅವಳು ಜಾರಲಿಲ್ಲ. ಗಣತಿ ಪುಸ್ತಕ ಮಡಚಿಟ್ಟು ಅರ್ಧ ತಾಸು ಅದನ್ನೇ ನೋಡುತ್ತ ನಿಂತಿದ್ದೆ. ಮರುವರ್ಷ ಅವಳು ನಮ್ಮ ಹೈಸ್ಕೂಲಿಗೆ ಬಂದಾಗ ಮೊದಲ ದಿನವೇ ಕೈಗೆ ಗ್ಲೌಸು ಕೊಟ್ಟೆ.

ಮಡಗಾಂವಿನಿಂದ ವಾಪಸು ಬರುವಾಗ ರೈಲಿನಲ್ಲಿ ಅವಳು, "ಡಾಕ್ಟರು ಎಂತ ಹೇಳಿದ್ರು ಅಕ್ಕೋರೆ?" ಎಂದು ಕೇಳಿದಳು. "ಸ್ವಲ್ಪ ಊದಿದೆ, ಕಮ್ಮಿ ಆಗ್ತದೆ" ಎಂದುಬಿಟ್ಟೆ. ಅವಳು ನಂಬಿ, ಕಾಳಿ ಸೇತುವೆ ದಾಟುವ ತನಕ ಒಬ್ಬಳೇ ಕಿಟಕಿಯ ಹೊರಗೆ ನೋಡಿ ನಗುತ್ತಿದ್ದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಶೆಟಗೇರಿಗೆ ಹೋದೆ. ಗಂಗೆಯ ಅವ್ವಿ ಕಾಮಿ ಅಂಕೋಲೆ ಮಾರ್ಕೆಟ್ಟಿಗೆ ತರಕಾರಿ ಒಯ್ಯುವವಳು. ಅಂಗಳದಲ್ಲಿ ಕೂತು ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ಅಪ್ಪ ಹುಲಿಯಾ ಕೆಲಸಕ್ಕೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದ.

"ಬನ್ನಿ ಅಕ್ಕೋರೆ, ಕೂತ್ಕಣಿ. ಚಾ ಮಾಡ್ತೆ" ಎಂದಳು ಕಾಮಿ.

"ಚಾ ಇರ್ಲಿ. ಕಾಮಿ, ಗಂಗೆ ಹುಟ್ಟಿದ್ದು ಯಾವಾಗ?"

ಅವಳ ಕೈ ನಿಂತಿತು. ಹುಲಿಯಾ ಒಳಗಿನಿಂದಲೇ ಉತ್ತರ ಕೊಟ್ಟ. "ಕಾಗದದಲ್ಲಿ ಇತ್ತಲ್ರಾ. ಸೆಪ್ಟೆಂಬರ್ ಹನ್ನೆರಡು."

"ಕಾಗದಕ್ಕೆ ಕೇಳ್ಲಿಲ್ಲ ಹುಲಿಯಾ. ಹೆತ್ತವಳಿಗೆ ಕೇಳ್ದೆ."

ಕಾಮಿ ಸೊಪ್ಪಿನ ಬೇರಿನ ಮಣ್ಣು ಒರೆಸಿದಳು. ಆಮೇಲೆ, "ಆ ಕಾಗದ ಇದ್ರದ್ದಲ್ಲ ಅಕ್ಕೋರೆ" ಎಂದಳು.

ಅವಳಿಗೆ ಮೊದಲು ಹುಟ್ಟಿದ್ದೂ ಹೆಣ್ಣೇ. ೨೦೦೭ರಲ್ಲಿ, ಸರಕಾರಿ ಆಸ್ಪತ್ರೆಯಲ್ಲಿ. ಹುಲಿಯಾನ ಅಜ್ಜಿಯ ಹೆಸರು ಗಂಗೆ, ಆ ಹೆಸರು ಮನೆಯಲ್ಲಿ ಉಳಿಯಬೇಕೆಂದು ಮಗುವಿಗೂ ಅದನ್ನೇ ಇಟ್ಟರು. ಆಸ್ಪತ್ರೆಯವರು ಜನನ ಪ್ರಮಾಣಪತ್ರ ಕೊಟ್ಟರು. ಐದು ತಿಂಗಳಿಗೆ ಮಗು ಜ್ವರ ಬಂದು ತೀರಿಕೊಂಡಿತು. ಮನೆಯಲ್ಲೇ ತೀರಿಕೊಂಡದ್ದು, ಎಲ್ಲಿಯೂ ಬರೆಸಲಿಲ್ಲ. ಒಂದೂವರೆ ವರ್ಷದ ಮೇಲೆ ಇನ್ನೊಂದು ಹೆಣ್ಣು ಹುಟ್ಟಿತು. ಅಜ್ಜಿಯ ಹೆಸರು ಉಳಿಯಲೇಬೇಕಲ್ಲ, ಅದಕ್ಕೂ ಗಂಗೆ ಎಂದೇ ಕರೆದರು.

"ಎರಡನೇದಕ್ಕೆ ಯಾಕೆ ಆಸ್ಪತ್ರೆಗೆ ಹೋಗ್ಲಿಲ್ಲ?"

"ಹೋಗೂಕೆ ಬಿಡ್ಬೇಕಲ್ರಾ. ಬೆಳ್ಗಾಮುಂಚೆ ನೋವು ಬಂತು. ಅವತ್ತು ಸೂರ್ಯಂಗೆ ಗ್ರಹಣ. ಬಸ್ರಿ ಹೆಂಗ್ಸು ಗ್ರಹಣದಲ್ಲಿ ಹೊರ್ಗೆ ಕಾಲಿಡೂಕಾಗ ಅಂತ ಅತ್ತೆ ಬಾಗ್ಲು ಹಾಕ್ತು. ರಿಕ್ಷಾ ಬಂದು ರಸ್ತೆ ಮೇಲೆ ನಿಂತಿತ್ತು. ಗ್ರಹಣ ಬಿಡೂಕೆ ಕಾದ್ರು. ಕೂಸು ಕಾಯ್ಲಿಲ್ಲ. ಸೂಲಗಿತ್ತಿ ತಿಮ್ಮು ಅಜ್ಜಿನೇ ಹಿಡೀತು."

ಶಾಲೆಗೆ ಸೇರಿಸುವಾಗ ಜನನ ಪ್ರಮಾಣಪತ್ರ ಕೇಳಿದರು. ಹುಲಿಯಾ ಟ್ರಂಕಿನಲ್ಲಿದ್ದ ಕಾಗದ ತೆಗೆದುಕೊಂಡು ಹೋದ.

ನನಗೆ ತಡೆಯಲಾಗಲಿಲ್ಲ. "ನಿಂಗೆ ತಲೆ ಅಂಬುದು ಉಂಟಾ ಹುಲಿಯಾ? ಎರಡು ವರ್ಷ! ಎರಡು ವರ್ಷ ದೊಡ್ಡದು ಮಾಡಿದ್ದೀಯಲ್ಲೋ ಮಗಳನ್ನ!"

ಹುಲಿಯಾ ಅಂಗಿಯ ಗುಂಡಿ ಹಾಕುವುದನ್ನು ನಿಲ್ಲಿಸಿ ನಿಂತ. "ಅಪ್ಪನ ಹೆಸರು ಸಮಾ. ಅವ್ವಿ ಹೆಸರು ಸಮಾ. ಮಗಳ ಹೆಸರೂ ಸಮಾ. ಮಾಸ್ತರು ಓದಿ ಎಲ್ಲ ಸಮಾ ಇತ್ತು ಅಂದ್ರು. ನಂಗೆ ಓದೂಕೆ ಬರುದಿಲ್ಲ. ತಾರೀಕು ನಾ ಎಲ್ಲಿ ನೋಡ್ಲಿ ಅಕ್ಕೋರೆ?"

ಆರು ವರ್ಷದ ಮಗುವನ್ನು ಕಾಗದದಲ್ಲಿ ಎಂಟು ಎಂದು ಬರೆದುಕೊಂಡ ಶಾಲೆಯವರೂ, ಹಳ್ಳಿಯವರು ತಡವಾಗಿ ಸೇರಿಸಿದ್ದಾರೆ ಎಂದುಕೊಂಡು ಸುಮ್ಮನಾಗಿರಬೇಕು. ವಯಸ್ಸು ಕದಿಯುವವರನ್ನು ಹಿಡಿಯಲು ಇಪ್ಪತ್ತೇಳು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದವಳು ನಾನು. ಕಳೆದುಕೊಂಡವಳು ದಿನಾ ನನ್ನೆದುರೇ ನಿಂತಿದ್ದಳು, ನನಗೂ ಗೊತ್ತಾಗಲಿಲ್ಲ.

"ನಂಗೆ ಗೊತ್ತಿತ್ತು" ಎಂದಳು ಕಾಮಿ, ತಲೆ ಎತ್ತದೆ. "ಶಾಲೇಲಿ ವರ್ಷ ಓದಿ ಹೇಳಿದ್ದ ದಿನಾನೇ ಗೊತ್ತಾತು. ಹೇಳ್ಲಿಲ್ಲ. ಮೊದ್ಲಿನ ಕೂಸು ಇತ್ತು ಅಂಬುದಕ್ಕೆ ಆ ಕಾಗದ ಒಂದೇ ಗುರ್ತು. ಶಾಲೇಲಿ ಹಾಜರಿ ಕರೀತ್ರು, ಪಾಸಾತು ಅಂತ್ರು. ಅದೂ ಇದ್ರ ಸಂಗ್ತಿಗೆ ಬೆಳೀತಾ ಅದೆ ಅಂತ ಕಾಣ್ತಿತ್ತು ನಂಗೆ. ಈಗ ಕಾಗದ ಸಮಾ ಮಾಡೂಕೆ ಹೋದ್ರೆ ಅದು ಸತ್ತೋತು ಅಂತ ಬರೀಬೇಕಲ್ರಾ. ನಾ ಬರ್ಸುದಿಲ್ಲ."

ಹಿಂದೆ ಸದ್ದಾಯಿತು. ಬಾವಿಕಟ್ಟೆಯಲ್ಲಿ ಗ್ಲೌಸು ತೊಳೆಯುತ್ತಿದ್ದ ಗಂಗೆ, ನೀರು ಸೋರುವ ಗ್ಲೌಸು ಹಿಡಿದುಕೊಂಡೇ ನಿಂತಿದ್ದಳು.

"ನಂಗೆ ಅಕ್ಕ ಇತ್ತಾ ಅವ್ವಿ?"

"ಐದು ತಿಂಗ್ಳು ಇತ್ತು."

ಗಂಗೆ ಗ್ಲೌಸನ್ನು ಅಲ್ಲೇ ಇಟ್ಟು ಗದ್ದೆಯ ಕಡೆ ನಡೆದಳು. ನಾನೂ ಹಿಂದೆಯೇ ಹೋದೆ. ಕೊಯ್ಲು ಮುಗಿದ ಗದ್ದೆಯ ಅಂಚಿನ ಮೇಲೆ ಇಬ್ಬರೂ ಕೂತೆವು. ಮುಚ್ಚಿಡುವುದು ಸಾಕು ಅನಿಸಿ ಡಾಕ್ಟರು ಹೇಳಿದ್ದನ್ನೂ, ಮಂಗೇಶ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದೆ. ರೈಲಿನಲ್ಲಿ ಸುಳ್ಳು ಹೇಳಿದ್ದು ತಪ್ಪಾಯಿತು ಎಂದೆ.

"ನೀವೇ ಹೇಳಿದ್ರಿ, ಇಂಥ ಅವಕಾಶ ಎರಡನೇ ಸಲ ಬರುದಿಲ್ಲ ಅಂತ."

"ಹೌದು, ಹೇಳಿದ್ದೆ."

"ಈಗ ಬಿಟ್ರೆ ಮತ್ತೆ ಬರ್ತದಾ?"

"ಗೊತ್ತಿಲ್ಲ."

"ಹದಿನೆಂಟು ಆದ್ಮೇಲೂ ನಾ ಹಿಂಗೇ ಆಡ್ತೆ ಅಂತ ಯಾರಿಗೆ ಗೊತ್ತು? ಈಗ ಆಡೂಕೆ ಬರ್ತದೆ, ಈಗ ಕರೀತ ಇದ್ರು. ನಂಗೆ ಹೋಗ್ಬೇಕು ಅಂತ ಇತ್ತು ಅಕ್ಕೋರೆ. ಭಾಳ ಇತ್ತು."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಹದಿನಾರಕ್ಕೆ ಹಾಡುವವರಿಲ್ಲವೇ, ಅಂಗಡಿಯಲ್ಲಿ ಕೂರುವವರಿಲ್ಲವೇ? ಬಂದ ಭಾಗ್ಯವನ್ನು ಕಾಲಲ್ಲಿ ಒದೆಯಬೇಡ ಎಂದು ನಾನೇ ಅವರ ಮನೆಯಲ್ಲಿ ಭಾಷಣ ಬಿಗಿದಿದ್ದೆ. ಉಪದೇಶ ಮಾಡುವ ಮುಖ ನನಗೆ ಉಳಿದಿರಲಿಲ್ಲ. ಕಣ್ಣಿಗೆ ಕಂಡದ್ದನ್ನಷ್ಟೇ ಕೇಳಿದೆ.

"ಮಣಿಕಟ್ಟು ಯಾವಾಗಿಂದ ನೋಯ್ತದೆ?"

ಅವಳು ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಖರೇ ಹೇಳು."

"ಟ್ರಯಲ್ಲಿನ ಮೊದಲ್ನೇ ದಿನದಿಂದ."

"ಎರಡನೇ ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಟ್ಟುಬಿಡ್ತ್ರು ಅಂತ."

"ನೋಡು ಗಂಗೆ. ನಮ್ಮ ಮೈದಾನದಲ್ಲಿ ಕೈ ನೋಯ್ತದೆ ಅಂದ್ರೆ ನಾನು ಬೈದು ಮನೆಗೆ ಕಳಿಸ್ತೆ, ನೀನು ಮರುದಿನ ಬರ್ತೆ. ಅಲ್ಲಿ ಎರಡೇ ದಿನಕ್ಕೆ ನೋವು ಮುಚ್ಚಿಡೂಕೆ ಕಲ್ತೆ. ಮೂರು ವರ್ಷಕ್ಕೆ ಸೈ ಹಾಕಿದ ಮೇಲೆ ಇನ್ನೆಷ್ಟು ಮುಚ್ಚಿಡ್ತೆ? ದೊಡ್ಡವರಾದ್ರೆ ಇವತ್ತು ಆಗುದಿಲ್ಲ ಅಂತ ಮುಖದ ಮೇಲೆ ಹೇಳ್ತಾರೆ. ನಿಂಗೆ ಅಷ್ಟು ಬಾಯಿ ಇನ್ನೂ ಬರ್ಲಿಲ್ಲ. ನಂಗೆ ಹೆದರಿಕೆ ಅದೊಂದಕ್ಕೇ."

ಅವಳು ಮಣ್ಣಿನ ಹೆಂಟೆಯನ್ನು ಕೈಯಲ್ಲಿ ಪುಡಿ ಮಾಡುತ್ತ ಕೂತಳು. ಆಮೇಲೆ ಕೇಳಿದಳು.

"ಹಂಗಾರೆ ಹತ್ತನೇ ಕ್ಲಾಸಲ್ಲಿ ನಾ ಟೀಮಿಂದ ಹೊರ್ಗೆ ಹೋಗೂದು ಇರ್ಲಿಲ್ಲ, ಅಲ್ದ?"

ಆ ಮಾತು ನೇರ ಎದೆಗೆ ತಾಗಿತು. ಹಿಂದಿನ ವರ್ಷ ಹದಿನೇಳರೊಳಗಿನವರ ಜಿಲ್ಲಾ ಪಂದ್ಯಕ್ಕೆ ತಂಡ ಬರೆಯುವಾಗ, ಕಾಗದದಲ್ಲಿ ಗಂಗೆಗೆ ಹದಿನೇಳು ದಾಟಿದೆಯೆಂದು ನಾನೇ ಕೆಂಪು ಪೆನ್ನಿನಲ್ಲಿ ಅವಳ ಹೆಸರು ಹೊಡೆದು ಹಾಕಿದ್ದೆ. ಕಾರವಾರದಲ್ಲಿ ಪಂದ್ಯ ನಡೆಯುವಾಗ ಅವಳು ಗೋಲ್ ಕಂಬದ ಹಿಂದೆ ನಿಂತು ಬಾಲು ಹೆಕ್ಕಿ ಕೊಟ್ಟಿದ್ದಳು. ಅವಳಿಗೆ ಆಗ ಬರೀ ಹದಿನೈದು. ನನ್ನ ಪ್ರಾಮಾಣಿಕತೆಗೆ ಆ ದಿನ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಗದ್ದೆಯ ಅಂಚಿನಲ್ಲಿ ಕೂತು, ಐವತ್ತೆರಡು ವರ್ಷದ ನಾನು, ಹುಡುಗಿಯ ಎದುರು ಅತ್ತೆ. ಗಂಗೆ ಗಾಬರಿಯಾಗಿ, "ಅಳ್ಬೇಡಿ ಅಕ್ಕೋರೆ, ನಿಮ್ಗೆ ಹೆಂಗೆ ಗೊತ್ತಾಗ್ಬೇಕು?" ಎಂದು ನನ್ನ ಬೆನ್ನು ಸವರಿದಳು.

ಆ ಸಂಜೆಯೇ ಮಂಗೇಶನಿಗೆ ಫೋನು ಮಾಡಿ ಸಹಿ ಇಲ್ಲ ಎಂದೆ. ಅವನು ಕೂಗಾಡಿದ, ನಾನೂ ಕೂಗಾಡಿದೆ. ಕೂಗಾಡುವುದರಲ್ಲಿ ನನ್ನನ್ನು ಸೋಲಿಸಿದವರು ಹಬ್ಬುವಾಡದಲ್ಲಿ ಇನ್ನೂ ಹುಟ್ಟಿಲ್ಲ. ಕೊನೆಗೆ ಅವನೇ ತಣ್ಣಗಾದ. ಈ ವರ್ಷಕ್ಕೆ ಬೇರೆ ಕೀಪರನ್ನು ಹುಡುಕುತ್ತಾನಂತೆ. ವಯಸ್ಸಿನ ಕಾಗದ ಸರಿಯಾಗಿ ಬಂದರೆ, ಅಪ್ಪ-ಅವ್ವಿಯ ಒಪ್ಪಿಗೆಯ ಮೇಲೆ ಕ್ಲಬ್ಬಿನ ಕಿರಿಯರ ತಂಡದಲ್ಲಿ ವಾರಕ್ಕೆರಡು ದಿನ ತರಬೇತಿ ಕೊಡಬಹುದು. ಶನಿವಾರ ರೈಲಿಗೆ ಬಂದು ಭಾನುವಾರ ಹೋಗಲಿ, ಒಪ್ಪಂದದ ಮಾತು ಹದಿನೆಂಟಾದ ಮೇಲೆ. "ಆದ್ರೆ ಜಯಕ್ಕಾ, ಆವಾಗ ಕರೀತೇವೆ ಅಂತ ನಾ ಬರ್ದು ಕೊಡೂದಿಲ್ಲ" ಎಂದ. ಬರೆದು ಕೊಡಬೇಡ ಎಂದೆ.

ಆದರೆ ಕಾಗದ ಸರಿಯಾಗುವುದು ಕಾಮಿಯ ಕೈಯಲ್ಲಿತ್ತು. ಹೆತ್ತವಳು ಬಂದು ಹೇಳದೆ ಯಾವ ಕಚೇರಿಯೂ ಇದನ್ನು ತಿದ್ದುವುದಿಲ್ಲ. ನಾನು ಮತ್ತೆ ಶೆಟಗೇರಿಗೆ ಹೋಗಲಿಲ್ಲ. ಮೂರು ಸಲ ಹೋಗಿ ಒಪ್ಪಿಸಿದ್ದರ ಚಂದ ನೋಡಿಯಾಗಿತ್ತು. ಗಂಗೆ ಸಂಜೆ ಮೈದಾನಕ್ಕೆ ಬರುತ್ತಿದ್ದಳು, ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಬರೀ ಓಡುತ್ತಿದ್ದಳು. ಮನೆಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ನಾನು ಜೀವನದಲ್ಲಿ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

ಇಪ್ಪತ್ತು ದಿನದ ಮೇಲೆ ಕಾಮಿ ಮಾರ್ಕೆಟ್ಟಿನಿಂದ ಖಾಲಿ ಬುಟ್ಟಿ ಹೊತ್ತುಕೊಂಡು ಸೀದಾ ಶಾಲೆಗೆ ಬಂದಳು. ಬುಟ್ಟಿಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಆ ಕಾಗದವಿತ್ತು.

"ನಿನ್ನೆ ಗಂಗೆ ನಂಗೆ ಕೇಳ್ತು ಅಕ್ಕೋರೆ, ಅಕ್ಕನ ಮುಖ ಹೆಂಗಿತ್ತು ಅಂತ. ಇಷ್ಟು ವರ್ಷದಲ್ಲಿ ಯಾರೂ ಕೇಳ್ಲಿಲ್ಲಾಗಿತ್ತು. ಹೇಳ್ದೆ, ಎಲ್ಲ ಹೇಳ್ದೆ. ಅದಕ್ಕೆ ಹೇಳ್ತು, ಅಕ್ಕನ ಹದಿನೆಂಟು ಅಕ್ಕಂಗೇ ಇರ್ಲಿ ಅವ್ವಿ, ಅದ್ರ ಹೆಸ್ರಲ್ಲಿ ನಾ ಸೈ ಹಾಕುದಿಲ್ಲ ಅಂತ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಎಲ್ಲಿಗೆ ಬರ್ಬೇಕು, ಹೇಳಿ. ಬರ್ತೆ."

ಅರ್ಜಿ, ಪಂಚನಾಮೆ, ವಕೀಲರು, ಮತ್ತೆ ಅರ್ಜಿ. ಫೆಬ್ರವರಿಯಲ್ಲಿ ಕಾರವಾರದ ಉಪವಿಭಾಗಾಧಿಕಾರಿ ಕಚೇರಿಗೆ ನಮ್ಮನ್ನು ಕರೆದರು. ಸಾಕ್ಷಿಗೆಂದು ತಿಮ್ಮು ಅಜ್ಜಿಯನ್ನೂ ಕರೆತಂದಿದ್ದೆವು. ಅವಳಿಗೆ ಎಂಬತ್ತು ದಾಟಿದೆ, ಕಿವಿ ಮಾತ್ರ ಚುರುಕು.

ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಅಜ್ಜೀ, ಈ ಹುಡುಗಿ ಹುಟ್ಟಿದ ದಿನ ನಿಮಗೆ ಸರಿಯಾಗಿ ನೆನಪಿದೆಯಾ?" ಎಂದು ಕೇಳಿದರು.

"ನೆನಪಿಲ್ದೆ? ಸೂರ್ಯಂಗೆ ಗ್ರಹಣ ಹಿಡ್ದಿತ್ತು. ಆಷಾಢದ ಅಮಾಸೆ. ಗ್ರಹಣ ಬಿಟ್ಮೇಲೆ ಊರೋರೆಲ್ಲ ಮೀಯೂಕೆ ಹೋದ್ರು, ನಂಗೆ ಕೂಸಿನ ಹೊಕ್ಕಳು ಕೊಯ್ಯೂ ಕೆಲ್ಸ. ನಂಗೆ ಅವತ್ತು ಮೀಯೂಕೆ ಮಧ್ಯಾಹ್ನ ಆತು, ಬೇಕಾರೆ ಅದ್ನೂ ಬರ್ಕಣಿ."

ಕಚೇರಿಯಲ್ಲಿ ನಗೆ ಎದ್ದಿತು. ಅಧಿಕಾರಿ ನಗುತ್ತಲೇ ಮೊಬೈಲು ತೆಗೆದು ಹುಡುಕಿದರು. ೨೦೦೯, ಜುಲೈ ಇಪ್ಪತ್ತೆರಡು, ಬುಧವಾರ, ಬೆಳಿಗ್ಗೆ ಸೂರ್ಯಗ್ರಹಣ. ಶಾಲೆಗಳಲ್ಲಿ ಅರ್ಧ ಊರಿಗೇ ಜೂನ್ ಒಂದನೇ ತಾರೀಕು ಹುಟ್ಟಿದ ದಿನವೆಂದು ಬರೆದಿರುವುದನ್ನು ನೋಡಿ ನೋಡಿ ಬೇಸತ್ತವಳು ನಾನು. ನಮ್ಮ ಗಂಗೆಗೆ ಮಾತ್ರ ಸೂರ್ಯನೇ ತಾರೀಕು ಬರೆದಿಟ್ಟಿದ್ದ.

ಆಮೇಲೆ ಗುಮಾಸ್ತರು ಇನ್ನೊಂದು ಫಾರಂ ಎಳೆದುಕೊಂಡು ಕಾಮಿಯನ್ನು ಕೇಳಿದರು. "ತೀರಿಕೊಂಡ ಮಗುವಿನ ಹೆಸರು?"

"ಗಂಗೆ."

"ಅದು ಈ ಹುಡುಗಿಯ ಹೆಸರಾಯ್ತಮ್ಮ. ತೀರಿಕೊಂಡದ್ದರ ಹೆಸರು ಹೇಳಿ."

"ಅದೂ ಗಂಗೆನೇ" ಎಂದಳು ಕಾಮಿ. ಹುಟ್ಟಿದ ತಾರೀಕು, ತೀರಿಕೊಂಡ ತಿಂಗಳು, ಜ್ವರ ಎಷ್ಟು ದಿನ ಇತ್ತು, ಒಂದೊಂದನ್ನೂ ಹೇಳಿದಳು. ಗುಮಾಸ್ತರು ಬರೆದುಕೊಂಡರು. ಗಂಗೆ ಅವ್ವಿಯ ಪಕ್ಕದಲ್ಲಿ ಅವಳ ಕೈ ಹಿಡಿದು ನಿಂತಿದ್ದಳು. ಹುಲಿಯಾ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ.

ಆದೇಶದ ಮೇಲೆ ಪ್ರಮಾಣಪತ್ರಗಳು ಕೈಗೆ ಬರಲು ಏಪ್ರಿಲ್ ಆಯಿತು. ಶಾಲೆಯ ದಾಖಲೆ, ಮಾರ್ಕ್ಸ್ ಕಾರ್ಡು ತಿದ್ದಿಸಲು ಇನ್ನೊಂದು ಸುತ್ತು ಅಲೆಯಬೇಕು, ಅಲೆಯುತ್ತೇನೆ. ಡಾಕ್ಟರು ಮತ್ತೊಂದು ಎಕ್ಸ್‌ರೇ ತೆಗೆದು ಊತ ಇಳಿದಿದೆ, ಮೆಲ್ಲಗೆ ಶುರು ಮಾಡಿ ಎಂದಿದ್ದಾರೆ. ಮೇ ತಿಂಗಳಿಂದ ಶನಿವಾರದ ರೈಲಿಗೆ ಗಂಗೆಯ ಜೊತೆ ನಾನೂ ಮಡಗಾಂವಿಗೆ ಹೋಗಿಬರುವುದೆಂದಾಗಿದೆ. ಹದಿನೆಂಟಾಗಲು ಅವಳಿಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲವಿದೆ. ಅಷ್ಟರಲ್ಲಿ ಮುಖದ ಮೇಲೆ ಇಲ್ಲ ಎನ್ನುವುದನ್ನೂ ಕಲಿಸುತ್ತೇನೆ, ಅದರಲ್ಲಿ ನಾನು ಪಳಗಿದ ಕೈ.

ಪ್ರಮಾಣಪತ್ರ ಕೈಗೆ ಬಂದ ದಿನ ಕಾಮಿ ಅವನ್ನು ಹೊರಗೆ ಬೆಳಕಿಗೆ ತಂದು ನೋಡಿದಳು. ಓದಲು ಬಾರದು, ಆದರೂ ಗಂಗೆ ಎಂದು ಬರೆದ ಜಾಗವನ್ನು ನನ್ನಿಂದ ತೋರಿಸಿಕೊಂಡು, ಒಂದೊಂದರ ಮೇಲೂ ಬೆರಳಾಡಿಸಿದಳು.

"ಇಷ್ಟು ದಿನ ಕಾಗದದಲ್ಲಿ ನಂಗೆ ಒಬ್ಳೇ ಮಗಳಾಗಿತ್ತು ಅಕ್ಕೋರೆ. ಈಗ ಇಬ್ರು" ಎಂದಳು.

ಸಣ್ಣವಳದ್ದನ್ನು ಗಂಗೆಯ ಕೈಗೆ ಕೊಟ್ಟಳು. ದೊಡ್ಡವಳದ್ದನ್ನು ಮಡಚಿ ತನ್ನ ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು.